ತಲೆಗೆ ಸಣ್ಣ ಪೆಟ್ಟು, ತಿಂಗಳು ಕಳೆದರೂ ಹೋಗದ ತೊಂದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕಾಸರಗೋಡಿನ ಗಡಿ ಭಾಗದಲ್ಲಿ ಆಪ್ತಸಮಾಲೋಚನೆ ಮಾಡುವವಳು. ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯಿಂದ ಜನ ಬರುತ್ತಾರೆ. ಕೆಲವರು ಕಾಗದ ಬರೆಯುತ್ತಾರೆ, ಕೆಲವರು ಮದುವೆ ಮನೆಯಲ್ಲಿ ಪಕ್ಕಕ್ಕೆ ಕರೆದು ಕೇಳುತ್ತಾರೆ. ಸ್ಕೂಟರ್ ಜಾರಿ ಬಿದ್ದವರು, ಹಾವಸೆ ಹಿಡಿದ ಅಂಗಳದಲ್ಲಿ ಜಾರಿದವರು, ತೆಂಗಿನ ಮಡಲು ತಲೆ ಮೇಲೆ ಬಿದ್ದವರು. ಗಾಯ ಮಾಸಿದೆ, ಸ್ಕ್ಯಾನಿಂಗ್ ಸರಿ ಇದೆ, ಆದರೂ ತಲೆ ಸರಿ ಇಲ್ಲ ಎನ್ನುವವರು. ಅವರು ಮತ್ತೆ ಮತ್ತೆ ಕೇಳಿದ್ದನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ನಾನು ಡಾಕ್ಟರ್ ಅಲ್ಲ. ಪೆಟ್ಟು ಬಿದ್ದ ಕೂಡಲೇ ನೋಡಬೇಕಾದವರು ಡಾಕ್ಟರೇ.

## ಮೊದಲು ತಿಳಿಯಬೇಕಾದದ್ದು

"ಸಣ್ಣ ಪೆಟ್ಟು ಅಂತ ಹೇಳಿದ್ರು. ಸಣ್ಣದು ಅಂದ್ರೆ ಎಷ್ಟು ಸಣ್ಣದು?"

ಆಸ್ಪತ್ರೆಯಲ್ಲಿ ಇದಕ್ಕೊಂದು ಅಳತೆ ಇದೆ. 1974ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ಊರಿನಲ್ಲಿ ಟೀಸ್‌ಡೇಲ್ ಮತ್ತು ಜೆನೆಟ್ ಎಂಬ ಇಬ್ಬರು ಡಾಕ್ಟರುಗಳು ಮಾಡಿದ್ದು. ಕಣ್ಣು ತೆರೆಯುವುದು, ಮಾತಾಡುವುದು, ಕೈಕಾಲು ಆಡಿಸುವುದು, ಈ ಮೂರನ್ನು ನೋಡಿ 3ರಿಂದ 15ರವರೆಗೆ ಅಂಕ ಕೊಡುತ್ತಾರೆ. 13ರಿಂದ 15 ಬಂದರೆ, ಪ್ರಜ್ಞೆ ತಪ್ಪಿದ್ದು ಅರ್ಧ ಗಂಟೆ ದಾಟದಿದ್ದರೆ, ಪೆಟ್ಟಿನ ನಂತರದ ನೆನಪಿನ ಮಬ್ಬು ಒಂದು ದಿನದೊಳಗೆ ಹೋದರೆ ಅದು ಸಣ್ಣ ಪೆಟ್ಟು. ಪ್ರಜ್ಞೆ ತಪ್ಪಲೇಬೇಕು ಅಂತಿಲ್ಲ. ಒಂದು ಕ್ಷಣ ಮಂಕು ಕವಿದಿದ್ದರೂ ಸಾಕು. ಕಂಕಶನ್ ಅಂತ ಚೀಟಿಯಲ್ಲಿ ಬರೆಯುವುದು ಹೆಚ್ಚಾಗಿ ಇದನ್ನೇ. ಜೀವಕ್ಕೆ ಅಪಾಯ ಕಡಿಮೆ ಎಂಬ ಲೆಕ್ಕದಲ್ಲಿ ಮಾತ್ರ ಅದು ಸಣ್ಣದು. ನಿಮಗಾಗುವ ತೊಂದರೆ ಸಣ್ಣದು ಅಂತ ಯಾರೂ ಹೇಳುತ್ತಿಲ್ಲ.

"ಮಂಗಳೂರಿಗೆ ಹೋಗಿ ಸ್ಕ್ಯಾನಿಂಗ್ ಮಾಡಿಸಿದೆವು. ನಾರ್ಮಲ್ ಬಂತು. ಮತ್ತೆ ತಲೆನೋವು ಎಲ್ಲಿಂದ?"

ಸಿಟಿ ಸ್ಕ್ಯಾನಿನಲ್ಲಿ ರಕ್ತ ಹೆಪ್ಪುಗಟ್ಟಿದ್ದು, ಎಲುಬು ಸೀಳಿದ್ದು, ಬಾವು ಕಾಣುತ್ತದೆ. ಅದು ಇಲ್ಲ ಅಂದರೆ ದೊಡ್ಡ ಅಪಾಯ ಇಲ್ಲ ಅಂತ. ಆದರೆ ತಲೆ ಅಲುಗಿದಾಗ ಮೆದುಳಿನ ಜೀವಕೋಶಗಳ ಒಳಗೆ ಉಪ್ಪಿನಂಶಗಳ ಲೆಕ್ಕ ತಪ್ಪುತ್ತದೆ. ಅದನ್ನು ಸರಿ ಮಾಡಿಕೊಳ್ಳಲು ಕೋಶಗಳಿಗೆ ಜಾಸ್ತಿ ಶಕ್ತಿ ಬೇಕು. ಅದೇ ಹೊತ್ತಿಗೆ ರಕ್ತದ ಹರಿವು ಕಡಿಮೆಯಾಗಿರುತ್ತದೆ. ಹಾಗಾಗಿ ಕೆಲವು ದಿನ ಸುಸ್ತು, ತಲೆಭಾರ, ಮಂಕು. ಈ ಏರುಪೇರು ಸ್ಕ್ಯಾನಿನಲ್ಲಿ ಕಾಣುವುದಿಲ್ಲ. ತಾನಾಗಿಯೇ ಸರಿಯಾಗುತ್ತಾ ಬರುತ್ತದೆ. ಇನ್ನೊಂದು ವಿಷಯ ನೆನಪಿಡಿ, ತಲೆಗೆ ಪೆಟ್ಟು ಬಿದ್ದಾಗ ಕುತ್ತಿಗೆಗೂ ಎಳೆತ ಆಗಿರುತ್ತದೆ. ತುಂಬಾ ಜನರ ತಲೆನೋವು ನಿಜಕ್ಕೂ ಕುತ್ತಿಗೆಯಿಂದ ಏರಿ ಬಂದದ್ದು.

"ಯಾವ ಲಕ್ಷಣ ಕಂಡರೆ ಕೂಡಲೇ ಓಡಬೇಕು?"

ತಲೆನೋವು ಗಂಟೆಗಂಟೆಗೆ ಏರುತ್ತಿದ್ದರೆ, ಮತ್ತೆ ಮತ್ತೆ ವಾಂತಿಯಾದರೆ, ಎಬ್ಬಿಸಲು ಕಷ್ಟವಾಗುವಷ್ಟು ಮಂಪರು ಬಂದರೆ, ಫಿಟ್ಸ್ ಬಂದರೆ, ಮಾತು ತೊದಲಿದರೆ, ಒಂದು ಕೈ ಅಥವಾ ಕಾಲಿನ ಬಲ ಹೋದರೆ, ಎರಡು ಕಣ್ಣಿನ ಪಾಪೆ ಬೇರೆ ಬೇರೆ ಗಾತ್ರ ಕಂಡರೆ, ಮೂಗು ಅಥವಾ ಕಿವಿಯಿಂದ ತಿಳಿನೀರು ಇಳಿದರೆ ಕಾಯಬೇಡಿ. 108ಕ್ಕೆ ಕರೆ ಮಾಡಿ. "ಬೆಳಗಾದ ಮೇಲೆ ಮಂಗಳೂರಿಗೆ ಹೋಗುವ" ಅಂತ ಕೂರುವುದು ಇಲ್ಲಿನ ಅಭ್ಯಾಸ. ಇದರಲ್ಲಿ ಅದು ಬೇಡ, ಮೊದಲು ಹತ್ತಿರದ ಆಸ್ಪತ್ರೆ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು ಲಕ್ಷಣ ಇಲ್ಲದಿದ್ದರೂ ಒಮ್ಮೆ ತೋರಿಸಿಯೇ ಬಿಡಬೇಕು.

"ಅತ್ತೆಗೆ 72 ಪ್ರಾಯ. ದಾರಂದಕ್ಕೆ ತಲೆ ಬಡಿದು ಒಂದು ತಿಂಗಳಾಯಿತು. ಈಗ ಮಂಕಾಗಿದ್ದಾರೆ. ಚಿಂತೆಯಿಂದ ಇರಬಹುದಾ?"

ಈ ಒಂದು ಪ್ರಶ್ನೆಗೆ ನಾನು ಮನಸ್ಸಿನ ಮಾತೇ ಎತ್ತುವುದಿಲ್ಲ. ಪ್ರಾಯ ಆದವರಲ್ಲಿ ಮೆದುಳಿನ ಹೊದಿಕೆಯ ಕೆಳಗೆ ರಕ್ತ ನಿಧಾನವಾಗಿ ಸೇರಿಕೊಳ್ಳಬಹುದು. ವಾರಗಳ ನಂತರ ಅದು ಗೊತ್ತಾಗುವುದು. ಮಂಕು, ನಡಿಗೆ ತಪ್ಪುವುದು, ಮಾತು ಕಮ್ಮಿಯಾಗುವುದು, ಒಂದು ಬದಿಗೆ ವಾಲುವುದು, ಇದನ್ನೆಲ್ಲ "ಪ್ರಾಯ ಆಯ್ತಲ್ಲ" ಅಂತ ಬಿಟ್ಟುಬಿಡುತ್ತಾರೆ. ಇವತ್ತೇ ಕರೆದುಕೊಂಡು ಹೋಗಿ. ಸಮಯಕ್ಕೆ ಸಿಕ್ಕಿದರೆ ಸಣ್ಣ ಆಪರೇಶನ್ನಿನಲ್ಲಿ ಗುಣವಾಗುವಂಥದ್ದು ಅದು.

"ಪೆಟ್ಟು ಬಿದ್ದವರನ್ನು ನಿದ್ದೆ ಮಾಡಲು ಬಿಡಬಾರದಂತೆ, ಹೌದಾ?"

ಡಾಕ್ಟರ್ ನೋಡಿ ಮನೆಗೆ ಕಳಿಸಿದ ಮೇಲೆ ನಿದ್ದೆ ಮಾಡಬಹುದು, ಮಾಡಬೇಕು. ಮೊದಲ ರಾತ್ರಿ ಪಕ್ಕದಲ್ಲಿ ಯಾರಾದರೂ ಇರಲಿ. ಎಚ್ಚರ ಇಟ್ಟು ಇಟ್ಟು ಮರುದಿನದ ತಲೆನೋವನ್ನು ಜಾಸ್ತಿ ಮಾಡಿಕೊಂಡವರನ್ನು ನೋಡಿದ್ದೇನೆ.

"ಸರಿ, ಎಷ್ಟು ದಿನ?"

ದೊಡ್ಡವರಲ್ಲಿ ಹೆಚ್ಚಿನವರಿಗೆ ಎರಡು ವಾರದೊಳಗೆ ತುಂಬಾ ಹಗುರಾಗುತ್ತದೆ. ಮಕ್ಕಳಿಗೆ ನಾಲ್ಕು ವಾರದವರೆಗೂ ಹಿಡಿಯಬಹುದು. ಮೂರು ತಿಂಗಳಲ್ಲಿ ಹೆಚ್ಚಿನವರು ಮೊದಲಿನಂತಾಗುತ್ತಾರೆ. ಉಳಿದ ಕೆಲವರಿಗೆ ತಲೆನೋವು, ತಲೆ ಸುತ್ತು, ಮರೆವು, ಸಿಟ್ಟು, ಬೆಳಕು ಮತ್ತು ಸದ್ದು ತಡೆಯಲಾಗದಿರುವುದು ಉಳಿದುಬಿಡುತ್ತದೆ. ಮುಂದಿನ ಪ್ರಶ್ನೆಗಳೆಲ್ಲ ಅವರದ್ದು.

## ಮನಸ್ಸಿನ ಪಾಲು

"ಮನಸ್ಸಿನದ್ದು ಅಂತ ಹೇಳ್ತಾರೆ. ಅಂದ್ರೆ ನಾನು ನಾಟಕ ಮಾಡ್ತಿದ್ದೇನಾ ಅಕ್ಕಾ?"

ಇಲ್ಲ. ಈ ಪ್ರಶ್ನೆ ಕೇಳುವಾಗ ತುಂಬಾ ಜನರ ಕಣ್ಣಲ್ಲಿ ನೀರು ಬರುತ್ತದೆ. ಯಾಕೆಂದರೆ ಮನೆಯಲ್ಲಿ, ಕೆಲಸದ ಜಾಗದಲ್ಲಿ, ಕೆಲವೊಮ್ಮೆ ಆಸ್ಪತ್ರೆಯಲ್ಲೂ ಆ ಮಾತು ಕೇಳಿ ಬಂದಿರುತ್ತಾರೆ.

ತೋಟದಲ್ಲಿ ಒಮ್ಮೆ ನಾಗರಹಾವು ಕಾಲಿಗೆ ಅಡ್ಡ ಬಂದವರನ್ನು ಕೇಳಿ ನೋಡಿ. ಮರುದಿನ ಸೋಗೆ ಸರಿದರೂ ಮೈ ಝುಮ್ ಅನ್ನುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಬೆವರು ಬರುತ್ತದೆ. ಅಲ್ಲಿ ಹಾವಿಲ್ಲ. ಆದರೆ ಬೆವರು ಸುಳ್ಳಾ? ಹೆದರಿದ ಮೈ ಕಾವಲು ಕೂತಿದೆ, ಅಷ್ಟೇ. ತಲೆಗೆ ಪೆಟ್ಟು ಬಿದ್ದ ಮೇಲೂ ಹೀಗೇ ಆಗುತ್ತದೆ. ಮೊದಲ ವಾರದ ತಲೆನೋವು ಪೆಟ್ಟಿನಿಂದ ಬಂದದ್ದು. "ಒಳಗೆ ಏನೋ ಆಗಿದೆ" ಎಂಬ ಭಯ ಸೇರಿಕೊಂಡ ಮೇಲೆ ಗಮನವೆಲ್ಲ ತಲೆಯ ಕಡೆಗೇ ತಿರುಗುತ್ತದೆ. ಸಣ್ಣ ಸೆಳೆತವೂ ದೊಡ್ಡದಾಗಿ ಕೇಳಿಸುತ್ತದೆ. ಕುತ್ತಿಗೆ ಭುಜ ಬಿಗಿಯುತ್ತದೆ, ನಿದ್ದೆ ಕೆಡುತ್ತದೆ. ನಿದ್ದೆ ಕೆಟ್ಟರೆ ತಲೆನೋವು, ಮರೆವು, ಸಿಟ್ಟು. ಅದನ್ನು ಕಂಡು ಇನ್ನಷ್ಟು ಭಯ. ಪೆಟ್ಟು ಶುರು ಮಾಡಿದ್ದನ್ನು ಈ ಸುತ್ತು ಮುಂದುವರಿಸಿಕೊಂಡು ಹೋಗುತ್ತದೆ. ಇದರಲ್ಲಿ ನಾಟಕ ಎಲ್ಲಿದೆ? ನೋವು ನೂರಕ್ಕೆ ನೂರು ನಿಜ.

ನಾನು ಇದನ್ನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಆದ ಪೆಟ್ಟನ್ನು ಈಗ ಹಿಂದೆ ತೆಗೆದುಕೊಳ್ಳಲು ಆಗುವುದಿಲ್ಲ. ಭಯ, ನಿದ್ದೆ, ಅಭ್ಯಾಸ, ಇವುಗಳಿಗೆ ಕೈ ಹಾಕಬಹುದು. ಆರು ತಿಂಗಳಿಂದ ನರಳುತ್ತಿರುವವರಿಗೂ ಅಲ್ಲಿ ದಾರಿ ಇದೆ.

"ಮೊದಲು ನನಗೆ ಮರೆವೇ ಇರಲಿಲ್ಲ. ಈಗ ಕೀ ಎಲ್ಲಿಟ್ಟೆ, ಗ್ಯಾಸ್ ಆಫ್ ಮಾಡಿದೆನಾ, ಒಂದೂ ನೆನಪಿಲ್ಲ."

1992ರಲ್ಲಿ ಅಮೆರಿಕದಲ್ಲಿ ಮಿಟನ್‌ಬರ್ಗ್ ಮತ್ತು ಜೊತೆಗಾರರು ಒಂದು ಅಧ್ಯಯನ ಪ್ರಕಟಿಸಿದರು. ತಲೆಗೆ ಪೆಟ್ಟೇ ಬೀಳದ ಜನರನ್ನು ಕೂರಿಸಿ, "ಅಪಘಾತದಲ್ಲಿ ತಲೆಗೆ ಪೆಟ್ಟಾಗಿದೆ ಅಂತ ಅಂದುಕೊಳ್ಳಿ, ಏನೇನು ತೊಂದರೆ ಇರಬಹುದು?" ಅಂತ ಕೇಳಿದರು. ಅವರು ಊಹಿಸಿ ಹೇಳಿದ ಪಟ್ಟಿಯೂ ನಿಜವಾಗಿ ಪೆಟ್ಟು ತಿಂದವರು ಹೇಳಿದ ಪಟ್ಟಿಯೂ ಹೆಚ್ಚು ಕಡಿಮೆ ಒಂದೇ ಆಗಿತ್ತು. ಅಂದರೆ, ಇಂಥದ್ದೆಲ್ಲ ಆಗುತ್ತದೆ ಎಂಬ ನಿರೀಕ್ಷೆ ನಮ್ಮೊಳಗೆ ಮೊದಲೇ ಕೂತಿದೆ. ಅದೇ ಅಧ್ಯಯನದಲ್ಲಿ ಇನ್ನೊಂದೂ ಕಂಡಿತು. ಪೆಟ್ಟು ತಿಂದವರು ತಮಗೆ ಮೊದಲು ಇದ್ದ ತಲೆನೋವು, ಮರೆವನ್ನು ಕಮ್ಮಿ ಲೆಕ್ಕ ಹಾಕುತ್ತಿದ್ದರು.

ಕೀ ಮರೆಯದವರು ಯಾರಿದ್ದಾರೆ? ಅಡಿಕೆ ಸುಲಿಯುವ ದಿನ, ಮನೆ ತುಂಬಾ ಗೌಜಿ ಇರುವಾಗ ಎಷ್ಟು ಸಲ ಮರೆತಿಲ್ಲ? ಆಗ ಅದನ್ನು ಯಾರೂ ಎಣಿಸಿರಲಿಲ್ಲ. ಈಗ ಪ್ರತಿ ಮರೆವನ್ನೂ ಪೆಟ್ಟಿನ ಲೆಕ್ಕಕ್ಕೆ ಬರೆಯುತ್ತೇವೆ. ಮನೆಯವರಲ್ಲಿ ಒಂದು ಸಲ ಕೇಳಿ, "ನಾನು ಮೊದಲು ಹೇಗಿದ್ದೆ?" ಅಂತ. ಉತ್ತರ ಕೇಳಿ ಸಮಾಧಾನ ಆದವರು ತುಂಬಾ ಜನ.

ಹೇಳಿದ ಮಾತಿನ ಭಾರವೂ ಜಾಸ್ತಿ. 2002ರಲ್ಲಿ ಸೂರ್ ಮತ್ತು ಗನ್‌ಸ್ಟಾಡ್ ಎಂಬವರು, ಹಿಂದೆ ಸಣ್ಣ ಪೆಟ್ಟು ಬಿದ್ದಿದ್ದ ವಿದ್ಯಾರ್ಥಿಗಳನ್ನು ಎರಡು ಗುಂಪು ಮಾಡಿದರು. "ನಿಮ್ಮ ತಲೆಗೆ ಪೆಟ್ಟು ಬಿದ್ದದ್ದಕ್ಕೇ ಈ ಪರೀಕ್ಷೆ" ಅಂತ ಹೇಳಿಸಿಕೊಂಡ ಗುಂಪು ನೆನಪಿನ ಪರೀಕ್ಷೆಯಲ್ಲಿ ಹಿಂದೆ ಬಿತ್ತು. ಹಾಗಾಗಿ ನೋಡಲು ಬರುವ ನೆಂಟರು ದಯವಿಟ್ಟು "ನಮ್ಮ ಊರಲ್ಲಿ ಒಬ್ಬರಿಗೆ ಹೀಗೇ ಆಗಿ ಆಮೇಲೆ..." ಅಂತ ಕತೆ ಶುರು ಮಾಡಬೇಡಿ.

"ಒಂದೇ ಸ್ಕೂಟರಿನಲ್ಲಿ ಇಬ್ಬರೂ ಬಿದ್ದದ್ದು. ತಮ್ಮ ಆರಾಮ, ನನಗೆ ಮಾತ್ರ ಯಾಕೆ?"

ಮೊದಲೇ ಮೈಗ್ರೇನ್ ಇದ್ದವರು, ಚಿಂತೆ ಅಥವಾ ಖಿನ್ನತೆಯಿಂದ ಬಳಲಿದವರು, ಆ ಹೊತ್ತಿಗೆ ಸಾಲ, ಮನೆ ಜಗಳ, ಕೆಲಸದ ಒತ್ತಡ ಇದ್ದವರು ನಿಧಾನವಾಗಿ ಚೇತರಿಸುತ್ತಾರೆ. ಮೊದಲ ದಿನಗಳಲ್ಲೇ ಲಕ್ಷಣಗಳು ಜೋರಾಗಿದ್ದವರೂ ಹಾಗೇ. ಇದು ನಿಮ್ಮ ಮನಸ್ಸು ದುರ್ಬಲ ಅಂತಲ್ಲ. ಹೊರೆ ಇದ್ದ ತಲೆ ಮೇಲೆ ಇನ್ನೊಂದು ಹೊರೆ ಬಿತ್ತು.

"ಬಿದ್ದದ್ದು ಸರಿಯಾಗಿ ನೆನಪೇ ಇಲ್ಲ. ಆದರೂ ಹೈವೇಯಲ್ಲಿ ಲಾರಿ ಹಾರ್ನ್ ಕೇಳಿದರೆ ಕೈಕಾಲು ತಣ್ಣಗಾಗುತ್ತದೆ."

ನೆನಪಿಲ್ಲದೆಯೂ ಭಯ ಉಳಿಯಬಹುದು. ಬೀಳುವ ಮೊದಲಿನ ಒಂದು ಸದ್ದು, ಎಚ್ಚರವಾದಾಗಿನ ರಕ್ತ, ಆಂಬುಲೆನ್ಸಿನ ಸೈರನ್, ಇಂಥ ತುಣುಕು ಸಾಕು. ಕೆಟ್ಟ ಕನಸು, ಬೆಚ್ಚಿ ಬೀಳುವುದು, ಆ ರಸ್ತೆಯನ್ನೇ ಬಿಟ್ಟು ಸುತ್ತಿ ಹೋಗುವುದು ಒಂದು ತಿಂಗಳ ನಂತರವೂ ಇದ್ದರೆ ಅದು ಆಘಾತದ ನಂತರದ ಒತ್ತಡದ ಕಾಯಿಲೆ ಇರಬಹುದು. ಸಿಟ್ಟು, ನಿದ್ದೆಗೇಡು, ಗಮನ ನಿಲ್ಲದಿರುವುದು ಇದರಲ್ಲೂ ಇದೆ, ತಲೆಪೆಟ್ಟಿನ ನಂತರವೂ ಇದೆ. ಎಷ್ಟೋ ಸಲ ತಲೆಗೆ ಮದ್ದು ಆಗುತ್ತಾ ಇರುತ್ತದೆ, ಈ ಭಯವನ್ನು ಯಾರೂ ಕೇಳಿರುವುದಿಲ್ಲ. ಇದಕ್ಕೆ ಒಳ್ಳೆಯ ಚಿಕಿತ್ಸೆ ಇದೆ, ಮನಃಶಾಸ್ತ್ರಜ್ಞರ ಜೊತೆ ಮಾತಾಡುತ್ತಾ ಮಾಡುವಂಥದ್ದು. ಭಯದ ಜಾಗಕ್ಕೆ ಹಂತ ಹಂತವಾಗಿ ಹತ್ತಿರವಾಗುವುದು ಅದರ ಒಂದು ಭಾಗ. ಮೊದಲು ಬಸ್‌ಸ್ಟಾಂಡಿನವರೆಗೆ, ಆಮೇಲೆ ಜೊತೆಯಲ್ಲಿ ಯಾರನ್ನಾದರೂ ಕರೆದುಕೊಂಡು ಬಸ್ಸಿನಲ್ಲಿ, ಹೀಗೆ.

## ದಿನದ ಬದುಕು

"ಮೂರು ತಿಂಗಳು ಕತ್ತಲೆ ಕೋಣೆಯಲ್ಲಿ ರೆಸ್ಟ್ ಮಾಡಿದೆ. ಕಮ್ಮಿಯಾಗುವ ಬದಲು ಜಾಸ್ತಿಯಾಯಿತು."

ಹಳೆಯ ಸಲಹೆ ಅದೇ ಇತ್ತು. ಈಗ ಬದಲಾಗಿದೆ. ಮೊದಲ 24ರಿಂದ 48 ಗಂಟೆ ಹಗುರವಾಗಿರಬೇಕು. ಆಗಲೂ ಹಾಸಿಗೆಗೆ ಅಂಟಿಕೊಳ್ಳಬೇಕಾಗಿಲ್ಲ. ಆ ಎರಡು ದಿನ ಮೊಬೈಲ್ ದೂರ ಇದ್ದರೆ ಒಳ್ಳೆಯದು. ಆಮೇಲೆ ನಡೆಯಲು ಶುರು ಮಾಡಬೇಕು. 2015ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಐದು ದಿನ ಕಟ್ಟುನಿಟ್ಟಾಗಿ ರೆಸ್ಟ್ ಮಾಡಿದ ಮಕ್ಕಳು, ಒಂದೆರಡು ದಿನ ಮಾತ್ರ ರೆಸ್ಟ್ ಮಾಡಿದವರಿಗಿಂತ ಜಾಸ್ತಿ ತೊಂದರೆ ಹೇಳಿದರು.

ಕಾರಣ ಕಷ್ಟದ್ದೇನಲ್ಲ. ಮೈ ಸೋಲುತ್ತದೆ, ಬೆಳಕು ಸದ್ದಿನ ಅಭ್ಯಾಸ ತಪ್ಪುತ್ತದೆ, ನೆಂಟರು ಸ್ನೇಹಿತರು ದೂರವಾಗುತ್ತಾರೆ, ಯೋಚನೆಗೆ ಇಡೀ ದಿನ ಸಿಗುತ್ತದೆ. ಈಗಲೂ ತಡವಾಗಿಲ್ಲ. ಅಂಗಳದಲ್ಲಿ ಹತ್ತು ನಿಮಿಷ ನಡೆಯಿರಿ. ತೊಂದರೆಗೆ ಹತ್ತರಲ್ಲಿ ಅಂಕ ಕೊಡಿ. ನಡೆದ ಮೇಲೆ ಎರಡು ಅಂಕದವರೆಗೆ ಏರಿ ಒಂದು ಗಂಟೆಯೊಳಗೆ ಇಳಿದರೆ ಸರಿ ಇದೆ, ಮುಂದುವರಿಸಿ. ಅದಕ್ಕಿಂತ ಜಾಸ್ತಿ ಏರಿದರೆ ನಾಳೆ ಸ್ವಲ್ಪ ಕಮ್ಮಿ ನಡೆಯಿರಿ. ನೋವು ಏರಿತು ಅಂದ ಕೂಡಲೇ ಮೆದುಳಿಗೆ ಹಾನಿಯಾಯಿತು ಅಂತ ಅಲ್ಲ. ಇದನ್ನು ನಂಬಲು ಸಮಯ ಬೇಕು, ನನಗೆ ಗೊತ್ತು. ಅಡಿಕೆ ಮರ ಹತ್ತುವುದು, ಬೈಕ್ ಬಿಡುವುದು, ಕಬಡ್ಡಿ ಆಡುವುದು ಮಾತ್ರ ಡಾಕ್ಟರ್ ಸೈ ಅಂದ ಮೇಲೆ.

"ಒಂದು ದಿನ ಚೆನ್ನಾಗಿರುತ್ತದೆ ಅಂತ ಎಲ್ಲ ಕೆಲಸ ಮಾಡುತ್ತೇನೆ. ಮರುದಿನ ಏಳಲಿಕ್ಕೇ ಆಗುವುದಿಲ್ಲ."

ನಮ್ಮ ಕಡೆಯ ಹೆಂಗಸರಲ್ಲಿ ಇದನ್ನು ತುಂಬಾ ನೋಡುತ್ತೇನೆ. ಸ್ವಲ್ಪ ಹಗುರ ಕಂಡ ದಿನ ಬಟ್ಟೆ ಒಗೆದು, ದನದ ಕೊಟ್ಟಿಗೆ ತೊಳೆದು, ಹಪ್ಪಳವನ್ನೂ ಹಾಕಿ ಮುಗಿಸುತ್ತಾರೆ. ಆಮೇಲೆ ಮೂರು ದಿನ ಮಲಗುತ್ತಾರೆ. ಇಂಗ್ಲೆಂಡಿನಲ್ಲಿ ನಡೆದು 2012ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನೇ ತೋರಿಸಿತು. ಹೀಗೆ ಒಂದೋ ಎಲ್ಲ, ಇಲ್ಲವೋ ಏನೂ ಇಲ್ಲ ಎಂಬಂತೆ ಇದ್ದವರಿಗೆ ಮೂರು ತಿಂಗಳ ನಂತರ ತೊಂದರೆ ಉಳಿಯುವ ಸಾಧ್ಯತೆ ಜಾಸ್ತಿ. ಚೆನ್ನಾಗಿರುವ ದಿನವೂ ಅಷ್ಟೇ, ಕೆಟ್ಟ ದಿನವೂ ಹೆಚ್ಚು ಕಡಿಮೆ ಅಷ್ಟೇ ಕೆಲಸ. ವಾರಕ್ಕೊಮ್ಮೆ ಸ್ವಲ್ಪ ಏರಿಸಿ. ಉಳಿದ ಕೆಲಸ ಮನೆಯ ಬೇರೆಯವರು ಮಾಡಲಿ.

"ದಿನಾ ಒಂದು ಮಾತ್ರೆ ನುಂಗದಿದ್ದರೆ ತಲೆನೋವು ಬಿಡುವುದಿಲ್ಲ."

ಎಷ್ಟು ದಿನದಿಂದ? ಸಾದಾ ನೋವಿನ ಮಾತ್ರೆಯನ್ನು ತಿಂಗಳಲ್ಲಿ 15 ದಿನ ಅಥವಾ ಜಾಸ್ತಿ, ಮೂರು ತಿಂಗಳು ದಾಟಿ ನುಂಗುತ್ತಾ ಬಂದರೆ ಮಾತ್ರೆಯೇ ತಲೆನೋವು ತರುತ್ತದೆ. ಎರಡು ಮೂರು ಮದ್ದು ಸೇರಿಸಿ ಮಾಡಿದ ಮಾತ್ರೆಗಳಿಗೆ 10 ದಿನವೇ ಸಾಕು. ಮೆಡಿಕಲ್ ಶಾಪಿನಿಂದ ಸುಮ್ನೆ ತಂದು ನುಂಗುವುದು ನಿಲ್ಲಲಿ. ಬಿಡುವುದು ಹೇಗೆ ಅಂತ ಡಾಕ್ಟರಲ್ಲಿ ಕೇಳಿ. ಬಿಟ್ಟ ಮೊದಲ ದಿನಗಳಲ್ಲಿ ನೋವು ಏರಿ ಆಮೇಲೆ ಇಳಿಯುತ್ತದೆ.

"ರಾತ್ರಿ ನಿದ್ದೆ ಇಲ್ಲ, ಹಗಲು ಕಣ್ಣು ಎಳೆಯುತ್ತದೆ."

ಮಲಗುವ ಹೊತ್ತಿಗಿಂತ ಏಳುವ ಹೊತ್ತನ್ನು ಗಟ್ಟಿ ಮಾಡಿ. ರಜೆಯ ದಿನವೂ ಅದೇ ಹೊತ್ತು. ಮಧ್ಯಾಹ್ನದ ನಿದ್ದೆ ಅರ್ಧ ಗಂಟೆ ದಾಟದಿರಲಿ. ಸಂಜೆಯ ಮೇಲೆ ಚಹಾ ಕಾಫಿ ಬೇಡ. ನಿದ್ದೆ ಬರಲಿ ಅಂತ ಮದ್ಯ ಕುಡಿಯುವುದು ಖಂಡಿತ ಬೇಡ.

"ತಲೆ ತಿರುಗುತ್ತದೆ ಅಂತ ಹೇಳಿದರೆ ಡಾಕ್ಟರಿಗೆ ಅರ್ಥವೇ ಆಗುವುದಿಲ್ಲ."

ನಾವು ಮನೆಯಲ್ಲಿ ತುಳು ಅಥವಾ ಹವ್ಯಕ ಮಾತಾಡಿ, ಕನ್ನಡದಲ್ಲಿ ಯೋಚಿಸಿ, ಆಸ್ಪತ್ರೆಯಲ್ಲಿ ಮಲಯಾಳದಲ್ಲಿ ಹೇಳುವವರು. ಕೊನೆಗೆ ಎಲ್ಲವೂ "ತಲಕರಕ್ಕಂ" ಎಂಬ ಒಂದು ಪದಕ್ಕೆ ಇಳಿಯುತ್ತದೆ. ಅದರೊಳಗೆ ಬೇರೆ ಬೇರೆ ತೊಂದರೆ ಇದೆ. ಹಾಸಿಗೆಯಲ್ಲಿ ಮಗ್ಗುಲು ಬದಲಿಸುವಾಗ ಕೋಣೆಯೇ ಗರಗರ ತಿರುಗಿ ಒಂದು ನಿಮಿಷದೊಳಗೆ ನಿಂತರೆ, ಕಿವಿಯ ಒಳಗಿನ ಸಣ್ಣ ಹರಳು ಜಾಗ ತಪ್ಪಿರಬಹುದು. ಪೆಟ್ಟಿನ ನಂತರ ಇದು ಸಾಮಾನ್ಯ. ತಲೆಯನ್ನು ಒಂದು ಕ್ರಮದಲ್ಲಿ ತಿರುಗಿಸಿ ಅದನ್ನು ಸರಿ ಮಾಡುತ್ತಾರೆ, ಎಷ್ಟೋ ಸಲ ಒಂದೇ ಭೇಟಿಯಲ್ಲಿ ಹೋಗುತ್ತದೆ. ಎದ್ದು ನಿಂತಾಗ ಕಣ್ಣು ಕತ್ತಲೆ ಬರುವುದು ಬೇರೆ. ಸಂತೆಯಲ್ಲಿ, ಚೆಂಡೆಯ ಸದ್ದಿನಲ್ಲಿ ತಲೆ ಹಗುರಾಗಿ ಉಸಿರು ಏರುವುದು ಇನ್ನೂ ಬೇರೆ, ಅದರಲ್ಲಿ ಭಯದ ಪಾಲು ಜಾಸ್ತಿ. ಯಾವಾಗ, ಏನು ಮಾಡುವಾಗ, ಎಷ್ಟು ಹೊತ್ತು, ಈ ಮೂರನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಮಲಯಾಳ ಚೆನ್ನಾಗಿ ಬರುವ ಮಕ್ಕಳನ್ನು ಜೊತೆಗೆ ಕರೆದುಕೊಳ್ಳಿ.

"ಮಗಳು ಹತ್ತನೇ ಕ್ಲಾಸು. ಓದಲು ಕೂತರೆ ತಲೆನೋವು. ಈ ವರ್ಷ ಬಿಡಿಸುವುದಾ?"

ಬಿಡಿಸಬೇಡಿ. ಶಾಲೆ ತಪ್ಪಿದಷ್ಟೂ ಹಿಂದೆ ಬಿದ್ದ ಚಿಂತೆ ಏರುತ್ತದೆ, ತಲೆನೋವು ಅದರ ಹಿಂದೆಯೇ ಬರುತ್ತದೆ. ಮೊದಲು ಅರ್ಧ ದಿನ ಕಳಿಸಿ. ಇಪ್ಪತ್ತು ನಿಮಿಷ ಓದು, ಐದು ನಿಮಿಷ ಬಿಡುವು. ಟೀಚರನ್ನು ಕಂಡು ನೋಟ್ಸ್ ಬರೆಯುವುದರಲ್ಲಿ ವಿನಾಯಿತಿ ಕೇಳಿ. ಆಟದ ಪೀರಿಯಡ್ ಮಾತ್ರ ಡಾಕ್ಟರ್ ಹೇಳುವವರೆಗೆ ಬೇಡ.

## ಇನ್ನೂ ಮುಂದಿನ ಪ್ರಶ್ನೆಗಳು

"ಕೇಸ್ ನಡೆಯುತ್ತಿದೆ. ದುಡ್ಡಿಗಾಗಿ ನೋವು ಹೇಳುತ್ತಿದ್ದಾನೆ ಅಂತ ಜನ ಆಡಿಕೊಳ್ಳುತ್ತಾರೆ."

ಈ ಮಾತು ತುಂಬಾ ಹಳೆಯದು. 1866ರಲ್ಲಿ ಲಂಡನ್ನಿನ ಎರಿಕ್ಸನ್ ಎಂಬ ಸರ್ಜನ್ ರೈಲು ಅಪಘಾತದ ನಂತರ ಉಳಿಯುವ ತೊಂದರೆಗಳ ಬಗ್ಗೆ ಬರೆದಾಗಲೇ ಜಗಳ ಶುರುವಾಗಿತ್ತು, ಇದು ನರದ ಗಾಯವೋ, ಹೆದರಿಕೆಯೋ, ಪರಿಹಾರದ ಆಸೆಯೋ ಅಂತ. ಅದಾಗಿ ನೂರಕ್ಕೂ ಹೆಚ್ಚು ವರ್ಷದ ನಂತರ ಲಿಥುವೇನಿಯಾ ದೇಶದಲ್ಲಿ ಈ ಬಗ್ಗೆ ಒಂದು ಅಧ್ಯಯನ ನಡೆಯಿತು. ಅಲ್ಲಿ ಆ ಕಾಲಕ್ಕೆ ಪರಿಹಾರದ ನಿರೀಕ್ಷೆ ಕಡಿಮೆ ಇತ್ತು, ಇಂಥ ತೊಂದರೆ ಉಳಿಯುತ್ತದೆ ಎಂಬ ಮಾತೂ ಜನರಲ್ಲಿ ಅಷ್ಟಾಗಿ ಇರಲಿಲ್ಲ. ತಲೆಗೆ ಪೆಟ್ಟು ಬಿದ್ದವರನ್ನು ಬೇರೆ ಕಡೆ ಸಣ್ಣ ಗಾಯವಾದವರ ಜೊತೆ ಹೋಲಿಸಿದಾಗ, ವರ್ಷದ ನಂತರ ತಲೆನೋವಿನಲ್ಲಿ ದೊಡ್ಡ ವ್ಯತ್ಯಾಸ ಸಿಗಲಿಲ್ಲ.

ಇದನ್ನು ಹಿಡಿದು "ನೋಡಿ, ಎಲ್ಲ ದುಡ್ಡಿಗೆ" ಅನ್ನುವವರಿದ್ದಾರೆ. ನಾನು ಹಾಗೆ ಓದುವುದಿಲ್ಲ. ಕೇಸು ನಡೆಯುವಾಗ ಏನಾಗುತ್ತದೆ ನೋಡಿ. ವಕೀಲರ ಹತ್ತಿರ, ಟ್ರಿಬ್ಯೂನಲ್ಲಿನಲ್ಲಿ, ಮೆಡಿಕಲ್ ಬೋರ್ಡಿನ ಮುಂದೆ ಅದೇ ಕತೆ ಮತ್ತೆ ಮತ್ತೆ ಹೇಳಬೇಕು. ಯಾರೋ ನಂಬುವುದಿಲ್ಲ. ನಂಬದವರ ಎದುರು ನೋವನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕಾಗುತ್ತದೆ. ಗುಣವಾದರೆ ಸುಳ್ಳು ಅಂದುಬಿಡುತ್ತಾರೋ ಎಂಬ ಹೆದರಿಕೆ ಬೇರೆ. ಹೀಗಿರುವಾಗ ಯಾವ ತಲೆ ಹಗುರಾದೀತು? ಪರಿಹಾರ ನಿಮ್ಮ ಹಕ್ಕು, ಬಿಡಬೇಡಿ. ಕಾಗದ ಪತ್ರದ ಓಡಾಟವನ್ನು ಮನೆಯ ಇನ್ನೊಬ್ಬರಿಗೆ ವಹಿಸಿ. ಚಿಕಿತ್ಸೆಯನ್ನು ತೀರ್ಪಿಗಾಗಿ ಕಾಯಿಸಬೇಡಿ.

"ಪೆಟ್ಟು ತಲೆಗೆ. ಮದ್ದು ಖಿನ್ನತೆಯದ್ದು ಕೊಟ್ಟಿದ್ದಾರೆ. ನನಗೆ ಹುಚ್ಚು ಅಂತಲಾ?"

ಅಲ್ಲ. ಆ ಗುಂಪಿನ ಕೆಲವು ಮದ್ದು, ಉದಾಹರಣೆಗೆ ಅಮಿಟ್ರಿಪ್ಟಿಲೀನ್, ಸಣ್ಣ ಡೋಸಿನಲ್ಲಿ ತಲೆನೋವು ತಡೆಯಲು ಮತ್ತು ನಿದ್ದೆಗೆ ಕೊಡುತ್ತಾರೆ. ನಿಜವಾಗಿಯೂ ಖಿನ್ನತೆ ಸೇರಿಕೊಂಡಿದ್ದರೆ ಅದಕ್ಕೆ ಮದ್ದು ಮಾಡಿದಾಗ ಉಳಿದ ತೊಂದರೆಗಳೂ ಕಮ್ಮಿಯಾಗುವುದುಂಟು. ಯಾತಕ್ಕೆ ಕೊಟ್ಟದ್ದು ಅಂತ ಡಾಕ್ಟರಲ್ಲಿ ಕೇಳುವುದು ತಪ್ಪಲ್ಲ. ಕೇಳದೆ ಅರ್ಧಕ್ಕೆ ಬಿಡುವುದು ತೊಂದರೆ.

"ಮನೆಯವರು ಹೇಗಿರಬೇಕು?"

"ಈಗ ಹೇಗಿದೆ?" ಅಂತ ಗಂಟೆಗೊಮ್ಮೆ ಕೇಳಬೇಡಿ. ಕೇಳಿದಾಗಲೆಲ್ಲ ಅವರು ತಲೆಯೊಳಗೆ ಹುಡುಕಬೇಕಾಗುತ್ತದೆ. "ಏನೂ ಆಗಿಲ್ಲ, ಏಳು" ಅಂತಲೂ ಬೇಡ. ಜೊತೆಗೆ ನಡೆಯಲು ಹೋಗಿ, ಸಣ್ಣ ಕೆಲಸ ಕೊಡಿ, ಬೇರೆ ವಿಷಯ ಮಾತಾಡಿ. ನೂಲು ಕಟ್ಟಿಸುವುದು, ಹರಕೆ ಹೇಳುವುದು ಮನಸ್ಸಿಗೆ ಧೈರ್ಯ ಕೊಡುವುದಾದರೆ ನನ್ನ ಅಡ್ಡಿಯಿಲ್ಲ. ಚಿಕಿತ್ಸೆ ಅದರ ಜೊತೆಗೇ ನಡೆಯಲಿ.

"ವರ್ಷವಾಯಿತು. ಇನ್ನು ಯಾರ ಹತ್ತಿರ ಹೋಗುವುದು?"

ಮತ್ತೊಂದು ಸ್ಕ್ಯಾನಿಗೆ ತಲಪಾಡಿ ಗಡಿ ದಾಟಿ ಮಂಗಳೂರಿಗೆ ಹೋಗುವ ಮೊದಲು ಯೋಚಿಸಿ. 2020ರ ಲಾಕ್‌ಡೌನಿನಲ್ಲಿ ಗಡಿ ಮುಚ್ಚಿದ್ದನ್ನು ಕಂಡವರಿಗೆ, ದೊಡ್ಡ ಆಸ್ಪತ್ರೆ ಕೈಗೆ ಸಿಗುವಾಗಲೇ ಎಲ್ಲ ಮಾಡಿಸಿಬಿಡುವ ಎಂಬ ಆತುರ ಇದೆ. ನನಗದು ಅರ್ಥವಾಗುತ್ತದೆ. ಆದರೆ ಹೊಸ ಲಕ್ಷಣ ಇಲ್ಲದಿದ್ದರೆ ಐದನೇ ಸ್ಕ್ಯಾನ್ ಹೊಸದೇನನ್ನಾದರೂ ಹೇಳುವುದು ಅಪರೂಪ. ಕುತ್ತಿಗೆಗೆ ಫಿಸಿಯೋಥೆರಪಿ, ತಿರುಗುವಿಕೆಗೆ ಕಿವಿ ಡಾಕ್ಟರ್, ತಲೆನೋವಿಗೆ ನರರೋಗ ತಜ್ಞರು, ಭಯ ಮತ್ತು ನಿದ್ದೆಗೆ ಮನೋವೈದ್ಯರು ಅಥವಾ ಮನಃಶಾಸ್ತ್ರಜ್ಞರು. ಎಲ್ಲರ ಹತ್ತಿರವೂ ಓಡಬೇಕಾಗಿಲ್ಲ, ನಿಮ್ಮ ದಿನವನ್ನು ಜಾಸ್ತಿ ಕೆಡಿಸುವುದು ಯಾವುದೋ ಅದರಿಂದ ಶುರು ಮಾಡಿ. ಬದುಕೇ ಬೇಡ ಅನಿಸಿದರೆ, ಅಥವಾ ಸುಮ್ನೆ ಯಾರಲ್ಲಾದರೂ ಮಾತಾಡಬೇಕು ಅನಿಸಿದರೂ, ಮನಸ್ಸಿನ ತೊಂದರೆಗೆ ಇರುವ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಶುರು ಮಾಡಿದ್ದು, ಕರೆ ಉಚಿತ, ರಾತ್ರಿ ಹಗಲು ತೆರೆದಿರುತ್ತದೆ. ಫೋನ್ ಎತ್ತಿದ ಕೂಡಲೇ ಕನ್ನಡದಲ್ಲಿ ಮಾತಾಡಬೇಕು ಅಂತ ಕೇಳಿ.